ಸೊಲ್ಲಾಪುರಕ್ಕೆ ಹೋದ ಗಿಳಿ

ಅಬೀದಾಳ ಈಮೇಲ್ ಸೊಲ್ಲಾಪುರದಿಂದ ಬಂದಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಹುಬ್ಬಳ್ಳಿಯ ವಿದ್ಯಾನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕುಳಿತು ಕಾವೇರಿ ಅದನ್ನು ತನ್ನ ಅತ್ತೆ ಸಾವಕ್ಕನಿಗೆ ಓದಿ ಹೇಳಿದಳು. "ಅಕ್ಕಾರ, ಗಿಳಿ ಮುಟ್ಟಿದವು. ಆದ್ರ ಚೌಕಾನ ಇಲ್ಲಲ್ರಿ. ಎಳಿ ಹ್ಯಾಂಗ ಎಣಸಬೇಕು?"

ಸಾವಕ್ಕನ ಮುಖ ಇಳಿದುಹೋಯಿತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಎಳೆ ಎಣಿಸಬೇಕು, ಸೂಜಿ ಚುಚ್ಚಬೇಕು. ಲೆಕ್ಕ ತಪ್ಪಿತೋ, ಗಿಳಿ ಹೋಗಿ ಕಾಗೆಯಾಗುತ್ತದೆ. ಅವ್ವನಿಂದ ಬಂದ ಈ ಜೋಡಿ ಗಿಳಿಯ ಲೆಕ್ಕ ಸಾವಕ್ಕನ ಬೆರಳುಗಳಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಆಕೆಯ ಕೈಕೆಳಗೆ ಕಲಿತವರಲ್ಲೆಲ್ಲ ಚುರುಕಾದ ಅಬೀದಾ ಅದೊಂದನ್ನು ಕಲಿಯುವ ಮೊದಲೇ ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಈಗ ಅಲ್ಲಿಯ ಹುಡುಗಿಯರಿಗೆ ಕಸೂತಿ ಹೇಳಿಕೊಡುತ್ತಾಳೆ. ಇಲ್ಲಿ ಸಾವಕ್ಕನ ಕಣ್ಣಿನ ನರ ಒಣಗುತ್ತಿದೆ. ಇದ್ದಷ್ಟು ಬೆಳಕು ಉಳಿದರೆ ಪುಣ್ಯ ಎಂದು ಡಾಕ್ಟರು ಹೇಳಿಯಾಗಿತ್ತು. ಬಟ್ಟೆಯ ಎಳೆ ಆಕೆಗೆ ಕಾಣುವುದಿಲ್ಲ. ಆದರೆ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದಾಗಿ ಮಾಡಿದ ಚೌಕಗಳು, ಮೂಗು ತಾಗುವಷ್ಟು ಹತ್ತಿರ ಹೋದರೆ, ಕಾಣುತ್ತವೆ.

ಹಾಗೆ ಕಂಡವೆಂದೇ ಈ ಉಸಾಬರಿ ಶುರುವಾದದ್ದು. ಕಾವೇರಿ ಅದೇ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಭಾನುವಾರ ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅತ್ತೆ ಹೇಳುವುದು, ಸೊಸೆ ಮೌಸ್ ಹಿಡಿದು ತುಂಬುವುದು. ಒಂದು ಎಳೆಗೆ ಒಂದು ಚೌಕ. ಕೆಲಸ ಸುಸೂತ್ರವಾಗಿ ನಡೆಯಿತೆಂದು ಮಾತ್ರ ಯಾರೂ ಹೇಳಲಾರರು. ಗೆರೆ ತುದಿ ಮುಟ್ಟಿದ ಕೂಡಲೇ ಸಾವಕ್ಕ ಈಗ ಹೊಳ್ಳಿ ಬಾ ಎನ್ನುತ್ತಿದ್ದಳು. ಕಸೂತಿಯ ದಾರ ಹೋದ ದಾರಿಯಲ್ಲೇ ತಿರುಗಿ ಬರಬೇಕು, ಹಿಂದೆ ಎಲ್ಲೂ ಗಂಟು ಬೀಳಬಾರದು. ಇಲ್ಲಿ ದಾರವೇ ಇಲ್ಲ, ಗಂಟು ಎಲ್ಲಿಂದ ಬರಬೇಕು ಎಂದು ಕಾವೇರಿ ತಲೆ ಚಚ್ಚಿಕೊಂಡರೂ ಮುದುಕಿ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ನಡುದಾರಿಯಲ್ಲಿ ಬಿಟ್ಟು ಬರುವ ವಂಶ ತಮ್ಮದಲ್ಲ ಎಂದಳು. ಸೊಸೆ ಪಾಪ, ತುಂಬಿದ ಚೌಕಗಳನ್ನೇ ಮತ್ತೆ ತುಂಬುತ್ತ ಹಿಂದಕ್ಕೆ ಬಂದಳು.

ಅಷ್ಟೆಲ್ಲ ಪಾಡುಪಟ್ಟದ್ದಕ್ಕೆ ಈಗ ಈ ಉತ್ತರ. ಕಾವೇರಿ ತಾನು ಕಳಿಸಿದ ಚಿತ್ರವನ್ನು ತೆರೆದು ನೋಡಿದಳು. ಅಬೀದಾ ಹೇಳಿದ್ದು ಖರೆ. ಚೌಕದ ಗೆರೆಗಳು ಕೆಲಸ ಮಾಡುವಾಗ ಪರದೆಯ ಮೇಲಷ್ಟೇ ಇರುತ್ತವೆ. ಉಳಿಸಿಟ್ಟ ಚಿತ್ರದೊಳಗೆ ಅವು ಬರುವುದೇ ಇಲ್ಲ. ಇದನ್ನು ಅತ್ತೆಗೆ ಹೇಗೆ ತಿಳಿಸಿ ಹೇಳುವುದು?

"ಬಿಡವಾ ಕಾವೇರಿ," ಎಂದಳು ಸಾವಕ್ಕ. "ನನ್ನ ಗಿಳಿ ನನ್ನ ಕೂಡನ ಮಣ್ಣಾಗ ಹೋಗ್ತಾವ."

"ಬಿಡ್ತು ಅನ್ರಿ ಅತ್ತಿ." ಕಾವೇರಿಗೆ ಸಿಟ್ಟೂ ಬಂತು, ಅಳುವೂ ಬಂತು. "ಪರದಿ ಮ್ಯಾಲೆ ಕಾಣಾಕತ್ತಾವಂದ ಮ್ಯಾಲೆ, ಆ ಪರದೀನ ಕಳಸೂಣು."

ಕೀಬೋರ್ಡಿನ ಮೇಲುಸಾಲಿನ ಮೂಲೆಯಲ್ಲಿ ಯಾರೂ ಮುಟ್ಟದ ಒಂದು ಗುಂಡಿ ಇತ್ತು, ಪ್ರಿಂಟ್ ಸ್ಕ್ರೀನ್. ಕಾವೇರಿ ಗಿಳಿಗಳನ್ನು ಚೌಕಗಳೊಡನೆ ತೆರೆದಿಟ್ಟುಕೊಂಡು ಅದನ್ನು ಒತ್ತಿದಳು. ಏನೂ ಆಗಲಿಲ್ಲ. ಹೊಸ ಹಾಳೆ ತೆರೆದು ಅಲ್ಲಿ ಪೇಸ್ಟ್ ಮಾಡಿದಾಗ ಇಡೀ ಪರದೆಯೇ ಬಂದು ಕೂತಿತು, ಚೌಕಗಳ ಸಮೇತ. ಅವಸರದಲ್ಲಿ ಅದನ್ನೇ ಉಳಿಸಿ ಈಮೇಲಿಗೆ ಲಗತ್ತಿಸಿದಳು. ಟೆಲಿಫೋನ್ ತಂತಿಯ ಆಮೆ ನಡಿಗೆಯ ಇಂಟರ್ನೆಟ್. ಹೋತೇನು, ಹೋತೇನು ಎಂದು ಸಾವಕ್ಕ ಕೇಳುತ್ತಲೇ ಇದ್ದಳು. ಕೊನೆಗೆ ಹೋಯಿತು.

ಶ್ರಾವಣ ಮುಗಿಯುವ ಹೊತ್ತಿಗೆ ಅಬೀದಾಳಿಂದ ಒಂದು ಫೋಟೋ ಬಂತು. ಪರದೆಯ ಮೇಲೆ ಅದು ಮೇಲಿನಿಂದ ನಿಧಾನವಾಗಿ ಇಳಿಯತೊಡಗಿತು. ಕಪ್ಪು ಬಟ್ಟೆ, ಅದರ ಮೇಲೆ ಕೊಕ್ಕಿಗೆ ಕೊಕ್ಕು ಕೊಟ್ಟು ಕೂತ ಜೋಡಿ ಗಿಳಿ. ಸಾವಕ್ಕ ಗಾಜಿಗೆ ಮೂಗು ಹಚ್ಚಿ, ಬೆರಳಾಡಿಸಿ ಒಂದೊಂದೇ ಗರಿ ನೋಡಿದಳು. ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

ಕಾವೇರಿಯ ಕಣ್ಣು ಮಾತ್ರ ಎಡಗಡೆಯ ಅಂಚಿನ ಮೇಲೆ ನಿಂತಿತ್ತು. ಅಲ್ಲಿ ಕೆಂಪು ಹಸಿರು ದಾರದಲ್ಲಿ ಸಾಲಾಗಿ ಒಂದು ಪೆನ್ಸಿಲ್, ಒಂದು ಬ್ರಷ್, ಒಂದು ಭೂತಗನ್ನಡಿ, ಬಣ್ಣ ಸುರಿಯುತ್ತ ವಾಲಿದ ಒಂದು ಬಕೀಟು. ಚಿತ್ರ ಬರೆಯುವ ಪ್ರೋಗ್ರಾಮಿನ ಪಕ್ಕದಲ್ಲಿರುವ ಸಲಕರಣೆಗಳ ಗುರುತುಗಳವು. ಪರದೆಯ ಜೊತೆಗೆ ಅವೂ ಸೊಲ್ಲಾಪುರಕ್ಕೆ ಹೋಗಿದ್ದವು. ಗುರು ಕೊಟ್ಟ ಮಾದರಿಯಲ್ಲಿ ಒಂದು ಹೊಲಿಗೆಯನ್ನೂ ಬಿಡಬಾರದೆಂದು ಸಾವಕ್ಕನೇ ಕಲಿಸಿದ್ದು. ಅಬೀದಾಳ ಹುಡುಗಿಯರು ಬಿಟ್ಟಿರಲಿಲ್ಲ. ಹುಬ್ಬಳ್ಳಿಯ ಈ ಹೊಸ ಅಂಚು ಇಲ್ಲಿ ಎಲ್ಲರಿಗೂ ಹಿಡಿಸಿದೆ ಎಂದು ಅವಳು ಬರೆದಿದ್ದಳು.

ಕಾವೇರಿ ತಪ್ಪು ಒಪ್ಪಿಕೊಂಡು, ಆ ಅಂಚನ್ನು ಬಿಚ್ಚಿಬಿಡಲು ಈಗಲೇ ಬರೆಯುತ್ತೇನೆ ಎಂದಳು. ಸಾವಕ್ಕ ತಡೆದು ಅದು ಏನು, ಇದು ಏನು ಎಂದು ಒಂದೊಂದನ್ನೇ ಕೇಳಿಕೊಂಡಳು. ಕೊನೆಗೆ ಬಕೀಟಿನ ಮೇಲೆ ಬೆರಳಿಟ್ಟಳು.

"ಬಿಚ್ಚೂದು ಬ್ಯಾಡ," ಎಂದಳು. "ಹಿಂದಿನವರು ಗುಡಿ ಕಂಡ್ರು, ಗುಡಿ ಹಾಕಿದ್ರು. ಆನಿ ಕಂಡ್ರು, ಆನಿ ಹಾಕಿದ್ರು. ಈ ಹುಡುಗ್ಯಾರು ಬಕೀಟ ಕಂಡಾರ. ಇದರ ಲೆಕ್ಕ ನನಗ ಗೊತ್ತಿಲ್ಲ ನೋಡು. ಅಬೀದಾನ್ನ ಕೇಳಿ ತರಸು, ನಾನೂ ಕಲೀತೇನಿ."