ತಟ್ಟೆಗೆ ಹಚ್ಚಿದ ತುಪ್ಪ

ಚಾಕೊಲೇಟ್ ಕರಗುವ ವಾಸನೆ ಬಂದರೆ ಈಗಲೂ ನಾನು ಮೊದಲು ತಟ್ಟೆಯನ್ನು ಮೂಸಿ ನೋಡುತ್ತೇನೆ.

ತಂಗಿಗೆ ಹಾಲು ಆಗುತ್ತಿರಲಿಲ್ಲ. ಒಮ್ಮೆ ಯಾರೋ ಕೊಟ್ಟ ಪೇಡಾ ತಿಂದು ತುಟಿ ಊದಿ, ಉಸಿರಿಗೆ ಒದ್ದಾಡಿದ್ದಳು. ಅದಕ್ಕೇ ಅವಳ ಹುಟ್ಟುಹಬ್ಬಕ್ಕೆಂದು ಅಪ್ಪ ಗಾಂಧಿಪುರಂನ ಅಂಗಡಿಗಳನ್ನೆಲ್ಲ ಅಲೆದು ಹಾಲಿಲ್ಲದ ಕಪ್ಪು ಚಾಕೊಲೇಟ್ ತಂದಿದ್ದರು. ಅಮ್ಮ ಅದನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಬಾಳೆಹಣ್ಣಿನ ತುಂಡುಗಳನ್ನು ಅದ್ದಿ ಅದ್ದಿ, ಅಜ್ಜಿ ತಂದುಕೊಟ್ಟ ತಟ್ಟೆಯಲ್ಲಿ ಜೋಡಿಸಿದಳು. ತಟ್ಟೆ ಫ್ರಿಜ್ಜಿಗೆ ಹೋದ ಮೇಲೆ ನಮಗೆ ಕೂತಲ್ಲಿ ಕೂರಲಾಗಲಿಲ್ಲ. ತಂಗಿ ಬಾಗಿಲು ತೆಗೆಯುವುದು, ಅಮ್ಮ ಗದರುವುದು, ನಾನು ಅವಳನ್ನು ಎಳೆದು ತರುವುದು. ಮಧ್ಯಾಹ್ನವೆಲ್ಲ ಇದೇ ಆಯಿತು.

ಕೊನೆಗೆ ತಟ್ಟೆ ಹೊರಬಂತು. ತುಂಡುಗಳು ಸಲೀಸಾಗಿ ಎದ್ದು ಬಂದವು. ತಂಗಿ ಒಂದನ್ನು ಬಾಯಿಯ ಹತ್ತಿರ ಒಯ್ದಳು. ತುಂಡು ಎಬ್ಬಿಸಿದ ಬೆರಳು ಜಿಡ್ಡಾಗಿದ್ದು ಕಂಡು ಮೂಸಿದ ಅಮ್ಮ, ಅವಳ ಕೈಲಿದ್ದುದನ್ನು ತಟ್ಟಿ ಬೀಳಿಸಿದಳು.

"ಅತ್ತೆ, ತಟ್ಟೆಗೆ ತುಪ್ಪ ಹಚ್ಚಿದಿರಾ?"

"ಒಟ್ಟಿಕೊಳ್ಳುತ್ತೆ ಅಂತ ಹಚ್ಚಿದೆ ಕಣ್ಣು. ಮೈಸೂರುಪಾಕಿಗೆ ಹಚ್ಚೋದಿಲ್ವಾ?" ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಹೀಗೆಂದು ಅಜ್ಜಿ ನಮ್ಮೆಲ್ಲರ ಮುಖ ನೋಡಿದರು. "ಹಾಲು ಕೂಡಾದು ಅಂದ್ರಿ. ತುಪ್ಪ ಹಾಲಾ?"

ತಂಗಿ ನೆಲದ ಮೇಲೆ ಹೊರಳಾಡಿ ಅತ್ತಳು. ಅಜ್ಜಿ ಆ ತಟ್ಟೆಯನ್ನು ಸೋಪು ಹಾಕಿ ತಿಕ್ಕಿದರು, ತಿಕ್ಕುತ್ತಲೇ ಇದ್ದರು.

ತುಪ್ಪವಿಲ್ಲದೆ ತುತ್ತು ಎತ್ತಿದವರಲ್ಲ ಅಜ್ಜಿ. ಅಂದು ಊಟಕ್ಕೆ ಕೂತಾಗ ಅಮ್ಮ ಎಂದಿನಂತೆ ತುಪ್ಪದ ಚಮಚ ಹಿಡಿದು ಬಗ್ಗಿದಳು. ಅಜ್ಜಿ ಅನ್ನದ ಮೇಲೆ ಅಂಗೈ ಅಡ್ಡ ಹಿಡಿದರು.

ಆಮೇಲೆ ಯಾವ ಊಟದಲ್ಲೂ ಆ ಕೈ ಸರಿಯಲಿಲ್ಲ.