ಆಲ್ವಿನ್ ಮರ್ಸರ್‌ನ ಮೂರು ಪ್ಲೇಟುಗಳು

"ತಾಂಬೂಲ ನೀನೇ ಇಟ್ಕೋ ರಂಗಪ್ಪ, ಮದುವೆಗೆ ಮಾತ್ರ ಬರಬೇಡ" ಎಂದು ಶಿವಯೋಗಪ್ಪ ಓಲಗದವನನ್ನು ಜಗುಲಿಯಿಂದಲೇ ಸಾಗಹಾಕಿದರು.

ಒಳಗಿಂದ ಹೆಂಡತಿ ಸುಭದ್ರಮ್ಮ ಓಡಿಬಂದರು. "ಹೆಣ್ಣುಮಗಳ ಮದುವೆ ಕಣ್ರೀ! ಓಲಗ ಇಲ್ದೆ ತಾಳಿ ಕಟ್ಟಿಸ್ತೀರಾ?"

"ಆ ಗದ್ದಲ ನನ್ನ ಕಿವಿಗೆ ಆಗಲ್ಲ. ಮುಹೂರ್ತಕ್ಕೆ ಮರ್ಸರ್ ನುಡಿಸ್ತಾನೆ."

ಆಲ್ವಿನ್ ಮರ್ಸರ್ ಅಮೆರಿಕದ ಜಾಝ್ ಟ್ರಂಪೆಟ್ ವಾದಕ. ಶಿವಮೊಗ್ಗದಲ್ಲಿ ಅವನಿಗಿದ್ದ ಅಭಿಮಾನಿ ಒಬ್ಬರೇ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಶಿವಯೋಗಪ್ಪ. ೧೯೫೫ರಲ್ಲಿ ಯಾವುದೋ ಪತ್ರಿಕೆಯಲ್ಲಿ ಅವನ ಬಗ್ಗೆ ಓದಿದವರು, ಬೆಂಗಳೂರಿನ ದಂಡು ಪ್ರದೇಶದಲ್ಲಿ ಹಳೇ ಸಾಮಾನಿನ ಅಂಗಡಿ ಜಾಲಾಡಿ ಅವನ ಮೂರು ಪ್ಲೇಟು ತಂದಿದ್ದರು. ಮೂರು ವರ್ಷದಿಂದ ಪ್ರತಿ ಭಾನುವಾರ ಮಾವನ ಕಾಲದ ಗ್ರಾಮಫೋನಿನಲ್ಲಿ ಅವುಗಳ ಸೇವೆ ನಡೆಯುತ್ತಿತ್ತು. ಕೇಳಲು ಬಂದ ಸಹೋದ್ಯೋಗಿಗಳು ಕೆಮ್ಮುವಂತಿರಲಿಲ್ಲ.

"ಟ್ರಂಪೆಟ್‌ನಿಂದ ಇಷ್ಟು ಆಳದ ದನಿ ಹೊರಡಿಸೋನು ಪ್ರಪಂಚಕ್ಕೆ ಇವನೊಬ್ಬನೇ" ಎಂದು ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. "ಹಿಂದೆ ಆ ಡೋಲು ಕೇಳಿ. ಆಫ್ರಿಕದ ಕಾಡಿನ ಎದೆಬಡಿತ!" ರೇಡಿಯೋದಲ್ಲಿ ಬೇರೆ ಟ್ರಂಪೆಟ್ ಬಂದರೆ ಟಕ್ಕೆಂದು ಆರಿಸುತ್ತಿದ್ದರು. ಎಲ್ಲವೂ ಕೀರಲು; ಮರ್ಸರ್‌ನ ಗಾಂಭೀರ್ಯ ಎಲ್ಲಿ ಬರಬೇಕು?

ಮದುವೆಯ ಹಿಂದಿನ ದಿನ ಪ್ಲೇಟು ಒಯ್ಯಲು ಭದ್ರಾವತಿಯಿಂದ ಮೈಕ್‌ಸೆಟ್ಟಿನ ಹಮೀದ್ ಬಂದ. ಮಾದರಿಗೆಂದು ಶಿವಯೋಗಪ್ಪ ಒಂದನ್ನು ಹಾಕಿ ಕೇಳಿಸಿದರು. ಹಮೀದ್ ತಲೆ ಕೆರೆದುಕೊಂಡ.

"ಸಾರ್, ನಿಮ್ಮ ಮಿಷನ್ ಸ್ವಲ್ಪ ಬಿಚ್ಚಿ ನೋಡ್ಲಾ?"

"ಮುಟ್ಟಬೇಡ! ಇದೆಲ್ಲ ನಿನಗೆ ಅರ್ಥ ಆಗೋ ಸಂಗೀತ ಅಲ್ಲ."

ಮರುದಿನ ಭದ್ರಾವತಿಯ ಛತ್ರದಲ್ಲಿ ಜಗಳ ಹೊತ್ತಿಕೊಂಡಿತು. ವರನ ತಂದೆ ಷಡಕ್ಷರಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಮೇಸ್ತ್ರಿ, ಮಾತೂ ಕಬ್ಬಿಣವೇ. "ಓಲಗ ಕೇಳಿಸೋ ತನಕ ನನ್ನ ಮಗ ಹಸೆಮಣೆ ಹತ್ತಲ್ಲ!"

"ಹತ್ತದಿದ್ರೆ ಬೇಡ" ಎಂದರು ಶಿವಯೋಗಪ್ಪ. ಹಸೆಮಣೆಯ ಮೇಲಿದ್ದ ಮಗಳು ಬಸವರಾಜೇಶ್ವರಿಯ ಕಣ್ಣು ತುಂಬಿತು. ಮುಹೂರ್ತಕ್ಕೆ ಐದೇ ನಿಮಿಷ. ಗಂಡಿನ ಕಡೆಯವರು ಚಪ್ಪಲಿ ಹುಡುಕತೊಡಗಿದರು. ಶಿವಯೋಗಪ್ಪ ಮಣಿಯಲಿಲ್ಲ, ಮರ್ಸರ್‌ನ ಮೊದಲ ದನಿ ಕಿವಿಗೆ ಬಿದ್ದರೆ ಇವರೆಲ್ಲ ನಿಂತಲ್ಲೇ ಕರಗುತ್ತಾರೆಂಬ ನಂಬಿಕೆ ಅವರದು. ಹೊರಗೆ ಕುಳಿತಿದ್ದ ಹಮೀದನಿಗೆ ಕೈಸನ್ನೆ ಮಾಡಿದರು.

ಛತ್ರ ನಡುಗುವಂತೆ ಓಲಗ ಮೊಳಗಿತು. ನಾಗಸ್ವರ, ಡೋಲು, ಎಲ್ಲ ಸೇರಿದ ತುಂಬು ಮಂಗಳವಾದ್ಯ. ಷಡಕ್ಷರಪ್ಪನ ಮುಖ ಅರಳಿತು. "ಅಂತೂ ನಮ್ಮ ಮಾತು ನಡೆಸಿಕೊಟ್ರಿ ಬೀಗ್ರೇ!" ವರ ಹಸೆಮಣೆ ಏರಿದ, ಅಕ್ಷತೆ ಬಿತ್ತು, ತಾಳಿ ಕಟ್ಟಿದ್ದಾಯಿತು. ಸುಭದ್ರಮ್ಮ ಗಂಡನನ್ನು ಮೂವತ್ತು ವರ್ಷದಲ್ಲಿ ಮೊದಲ ಸಲ ಮೆಚ್ಚುಗೆಯಿಂದ ನೋಡಿದರು.

ಶಿವಯೋಗಪ್ಪ ಬೆಂಕಿಯಾಗಿ ಹೊರಗೆ ನುಗ್ಗಿದರು. "ಮರ್ಸರ್ ಎಲ್ಲೋ? ಓಲಗದ ಪ್ಲೇಟು ಹಾಕು ಅಂತ ಯಾರು ಹೇಳಿದ್ದು ನಿನಗೆ?"

"ನೀವು ಕೊಟ್ಟಿದ್ದು ಬಿಟ್ಟು ಬೇರೆ ಪ್ಲೇಟೇ ತಂದಿಲ್ಲ ಸಾರ್" ಎಂದ ಹಮೀದ್. "ನಿಮ್ಮನೇಲಿ ಮಿಷನ್ ಸ್ಪ್ರಿಂಗ್ ಸತ್ತು ಪ್ಲೇಟು ಅರ್ಧ ಸ್ಪೀಡಲ್ಲಿ ತಿರುಗ್ತಿತ್ತು, ಅಷ್ಟೇ."

ಅವನು ಎರಡನೆಯ ಪ್ಲೇಟಿನ ಮೇಲೆ ಯಾರೋ ಅಂಟಿಸಿದ್ದ ಮರ್ಸರ್‌ನ ಹೆಸರಿನ ಚೀಟಿಯನ್ನು ಉಗುರಿನಿಂದ ಎಬ್ಬಿಸಿದ, ಅಡಿಯಲ್ಲಿ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಅಚ್ಚಾಗಿತ್ತು: "ಮದುವೆ ಓಲಗ, ಭಾಗ ಎರಡು."