ಹೊರಗೆ ಬಂದವರಿಗೆ ಮುಬಾರಕ್

ಗೇಟು ಅರ್ಧ ತೆರೆಯಿತು. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಹೊರಗೆ ಬಂದ. ಹಬೀಬ್ ತಡೆಯುವಷ್ಟರಲ್ಲಿ ಅವನ ತಾಯಿ ಶಂಶುನ್ನೀಸಾ ಹುಡುಗನಿಗೆ ಅಡ್ಡ ನಿಂತು, ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು, "ಮುಬಾರಕ್ ಬೇಟಾ! ತಗೋ, ಬಾಯಿ ಸಿಹಿ ಮಾಡ್ಕೋ" ಎಂದಾಗಿತ್ತು. ಹುಡುಗ ಅವರ ಮುಖ ನೋಡಿದ, ಡಬ್ಬಿ ನೋಡಿದ. ಬಾದಾಮಿ ಸಿಹಿಯ ಒಂದು ತುಂಡು ಬಾಯಿಗೆ ಹಾಕಿಕೊಂಡು ಆಟೊ ಹತ್ತಿದ.

ಕಬ್ಬನ್ ರಸ್ತೆಯ ಈ ಸೇನಾ ಆಯ್ಕೆ ಕೇಂದ್ರದ ಲೆಕ್ಕವೇ ತಿರುಗಾಮುರುಗಾ. ಐದು ದಿನ ಮಕ್ಕಳನ್ನು ಒಳಗಿಟ್ಟುಕೊಂಡು ಓಡಿಸಿ, ಹತ್ತಿಸಿ, ಮಾತಾಡಿಸಿ, ಕೊನೆಯ ಮಧ್ಯಾಹ್ನ ಫಲಿತಾಂಶ ಹೇಳುತ್ತಾರೆ. ಆಯ್ಕೆಯಾದವರು ವೈದ್ಯಕೀಯ ಪರೀಕ್ಷೆಗೆಂದು ಒಳಗೇ ಉಳಿಯುತ್ತಾರೆ. ಆಗದವರು ಚೀಲ ಹೊತ್ತು ಹೊರಗೆ ಬರುತ್ತಾರೆ. ಸೇನಾ ಅಕಾಡೆಮಿಗೆ ಸೇರುವ ಮೊದಲು ಇನ್ನೂ ಒಂದೆರಡು ಗಂಡಾಂತರ ಉಂಟು, ನಿಜ. ಆದರೆ ಅಪ್ಪಂದಿರ ನಿದ್ದೆ ಕೆಡಿಸುವುದು ಈ ಗೇಟೇ. ಹಬೀಬನ ಮಗಳು ಸಿದ್ರಾ ಎರಡು ಸಲ ಇದರಿಂದ ಹೊರಗೆ ಬಂದಿದ್ದಳು. ಎರಡು ಸಲವೂ ಅವನೊಬ್ಬನೇ ಬಂದು, ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು, ಫ್ರೇಜರ್ ಟೌನಿನ ಮನೆಯವರೆಗೂ ತುಟಿ ಬಿಚ್ಚದೆ ಹೋಗಿದ್ದ. ಇದು ಮೂರನೆಯ ಸಲ. ಈಗ ಆಗದಿದ್ದರೆ ಅಕಾಡೆಮಿಗೆ ಅವಳ ವಯಸ್ಸು ಮೀರಿಹೋಗುತ್ತದೆ.

ಈ ಸಲ ಹಟ ಹಿಡಿದು ಜೊತೆಗೆ ಬಂದ ಶಂಶುನ್ನೀಸಾಗೆ ಇದ್ಯಾವುದೂ ಗೊತ್ತಿಲ್ಲ. ಪಾಸಾದವರನ್ನು ಮನೆಗೆ ಕಳಿಸುತ್ತಾರೆ ಎಂದೇ ಆಕೆಯ ಎಣಿಕೆ. ಮತ್ತೆ ಇನ್ನೇನು ಮಾಡುತ್ತಾರೆ? ಹಬೀಬ್ ಹೇಳಬಹುದಿತ್ತು. ಆದರೆ ಅದನ್ನು ಹೇಳಿದರೆ, ಸಿದ್ರಾ ಇನ್ನೂ ಬಂದಿಲ್ಲ, ಅಂದರೆ ಬಹುಶಃ ಗೆದ್ದಿದ್ದಾಳೆ ಎಂಬುದನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ದೃಷ್ಟಿ ತಗುಲಿಬಿಟ್ಟರೆ? ಶಿವಾಜಿನಗರದ ಚಪ್ಪಲಿ ಅಂಗಡಿಯಲ್ಲಿ ಇಡೀ ದಿನ ಮಾತಾಡಿಯೇ ಬದುಕುವ ಮನುಷ್ಯ ನಾಲಿಗೆ ಬಿಗಿಹಿಡಿದು ನಿಂತ.

ಒಬ್ಬೊಬ್ಬರಾಗಿ ಬಂದರು. ಒಬ್ಬ ಫೋನಿನಲ್ಲಿ ಅಮ್ಮನಿಗೆ ಸಮಾಧಾನ ಹೇಳುತ್ತಿದ್ದ, ಇನ್ನೊಬ್ಬ ಆಕಾಶ ನೋಡುತ್ತಿದ್ದ. ಶಂಶುನ್ನೀಸಾ ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ಮುಬಾರಕ್, ಎಲ್ಲರಿಗೂ ಒಂದು ತುಂಡು. ಅಜ್ಜಿಯ ಕೈ ತಳ್ಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.

"ಎಲ್ಲಾರ ಮಕ್ಳೂ ಬಂದ್ರು ಹಬೀಬ್, ನಮ್ಮ ಹುಡುಗೀನ ಮಾತ್ರ ಯಾಕೆ ಒಳಗೆ ಇಟ್ಕೊಂಡಿದ್ದಾರೆ?" ಆಕೆಯ ಕಣ್ಣು ತುಂಬಿತು.

"ಸುಮ್ನಿರಿ ಅಮ್ಮೀ."

"ಹೋಗಿ ಆ ಸಿಪಾಯೀನ ಕೇಳು."

"ಕೇಳಲ್ಲ."

"ಹಾಗಾದ್ರೆ ನಾನೇ ಕೇಳ್ತೀನಿ." ಹಬೀಬ್ ಕೈ ಹಿಡಿಯುವ ಮೊದಲೇ ಆಕೆ ಗೇಟಿನ ಹತ್ತಿರ ಹೋಗಿ, "ಬೇಟಾ, ನಮ್ಮ ಸಿದ್ರಾನೂ ಬೇಗ ಹೊರಗೆ ಕಳಿಸಪ್ಪ, ನಿನಗೆ ಪುಣ್ಯ ಬರುತ್ತೆ" ಎಂದು ಬೇಡಿಕೊಂಡರು. ಹಬೀಬ್ "ತೌಬಾ, ತೌಬಾ" ಎಂದು ಎರಡೂ ಕೆನ್ನೆ ಮುಟ್ಟಿಕೊಂಡ. ಸಿಪಾಯಿ ನಗುವನ್ನು ಮೀಸೆಯೊಳಗೇ ಇಟ್ಟುಕೊಂಡ.

ಗೇಟು ಮತ್ತೆ ತೆರೆಯಿತು. ಜಡೆ ಬಿಗಿದು ಕಟ್ಟಿದ ಹುಡುಗಿ, ಸಿದ್ರಾಳಷ್ಟೇ ಎತ್ತರ. ಹಬೀಬ್ ಕಣ್ಣು ಮುಚ್ಚಿಕೊಂಡುಬಿಟ್ಟ. ಮೂರನೆಯ ಸಲವೂ ಅದೇ ಸ್ಕೂಟರು, ಅದೇ ಮೌನ ಎಂದುಕೊಂಡ. ಹತ್ತಿರದಿಂದ ಕೇಳಿದ ದನಿ ಮಗಳದಾಗಿರಲಿಲ್ಲ.

"ಯಾಕಜ್ಜಿ ಮುಬಾರಕ್? ನನಗೆ ಆಗ್ಲಿಲ್ಲ. ಆಗದೋರನ್ನೇ ಹೊರಗೆ ಕಳಿಸೋದು. ಆದೋರು ಒಳಗಿದ್ದಾರೆ."

ಶಂಶುನ್ನೀಸಾ ಸಿಹಿ ಹಿಡಿದ ಕೈ ಚಾಚಿಕೊಂಡೇ ನಿಂತರು. ಹಬೀಬ್ ಕಣ್ಣು ಬಿಟ್ಟ. "ಇನ್ನೂ ಯಾರಾದ್ರೂ ಬರೋರು ಇದ್ದಾರಾ ಮಗಳೇ?"

"ಇಲ್ಲ ಅಂಕಲ್, ನಾನೇ ಕೊನೆ."

"ಸಿದ್ರಾ..."

"ನೀವು ಸಿದ್ರಾ ಅಪ್ಪನಾ? ನಾನು ಮೋನಿಷಾ, ಕೆ.ಆರ್. ಪುರ. ಒಂದೇ ರೂಮಲ್ಲಿದ್ವಿ." ಅವಳು ಮೂಗು ಒರೆಸಿಕೊಂಡಳು. "ನಂಬರ್ ಕೂಗಿದಾಗ ಎದ್ದು ನಿಂತ್ಲು ಅಂಕಲ್. ಕಾಲು ನಡುಗ್ತಿತ್ತು. ಧ್ವನಿ ನಡುಗ್ಲಿಲ್ಲ."

ಹಬೀಬನ ಸಂತೋಷಕ್ಕೆ ಕಬ್ಬನ್ ರಸ್ತೆಯ ಅಗಲ ಸಾಲಲಿಲ್ಲ. ಮಗಳ ಹೆಸರನ್ನು ಗಟ್ಟಿಯಾಗಿ ಕೂಗಿದ. ಸಿಗ್ನಲ್ಲಿಗೆ ನಿಂತಿದ್ದ ಬಸ್ಸಿನ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರಿಗೂ ಹೇಳಿದ, "ನನ್ನ ಮಗಳು! ಒಳಗಿದ್ದಾಳೆ!" ಜೈಲಿಗೆ ಹೋದವಳ ಅಪ್ಪ ಇಷ್ಟೇಕೆ ಕುಣಿಯುತ್ತಾನೆಂದು ಅವರಿಗೆ ಅನ್ನಿಸಿರಬೇಕು. ಸಿಪಾಯಿಗೆ ಎಡಗೈಯಲ್ಲಿ ಸಲ್ಯೂಟ್ ಹೊಡೆದ. ಸಿಪಾಯಿ ಈ ಸಲ ಹಲ್ಲು ಬಿಟ್ಟೇ ನಕ್ಕ. ಎರಡು ವರ್ಷ ತಡೆದಿಟ್ಟಿದ್ದ ಅಳು ಹಬೀಬನಿಗೆ ಈಗ ಬಂತು. ಸಂಕೋಚವೇ ಇಲ್ಲದೆ ರಸ್ತೆಯಲ್ಲೇ ಅತ್ತ.

ಶಂಶುನ್ನೀಸಾ ಮಗನ ತಲೆ ಸವರಿ, ಮೇಲೆ ನೋಡಿ, ಅಲ್ಲಾಹನಿಗೆ ಶುಕ್ರಿಯಾ ಹೇಳಿದರು. ಆಮೇಲೆ ತಟ್ಟನೆ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಯಾ ಅಲ್ಲಾ! ಹಾಗಾದ್ರೆ ಆ ಮಕ್ಳಿಗೆಲ್ಲ ನಾನು ಮುಬಾರಕ್ ಅಂದೆನಾ? ಒಬ್ರೂ ಏನೂ ಅನ್ನದೆ ತಿಂದ್ಕೊಂಡು ಹೋದ್ರಲ್ಲ!"

"ಬೆಳಗ್ಗೆಯಿಂದ ಯಾರ ಗಂಟ್ಲಲ್ಲೂ ಏನೂ ಇಳಿದಿರ್ಲಿಲ್ಲ ಅಜ್ಜಿ" ಎನ್ನುತ್ತಾ ಮೋನಿಷಾ ಆಕೆಯ ಕೈಯಲ್ಲಿದ್ದ ತುಂಡನ್ನು ತೆಗೆದುಕೊಂಡಳು. ಬಾಯಿಗೆ ಹಾಕಿಕೊಂಡಳು. ಅಷ್ಟು ಹೊತ್ತು ತಡೆದ ಕಣ್ಣೀರು ಆಗ ಹರಿಯಿತು.

ಶಂಶುನ್ನೀಸಾ ತಮ್ಮ ದುಪಟ್ಟಾದಿಂದಲೇ ಅವಳ ಮುಖ ಒರೆಸಿದರು. "ಇನ್ನೊಂದು ಸಲ ಪರೀಕ್ಷೆ ಬರೀಬಹುದಾ?"

"ಬರೀಬಹುದು. ಒಂದೇ ಸಲ."

"ಬರಿ. ಇದಕ್ಕಿಂತ ದೊಡ್ಡ ಡಬ್ಬಿ ತಂದು ಇಲ್ಲೇ ನಿಂತಿರ್ತೀನಿ. ನೀನು ಮಾತ್ರ ಹೊರಗೆ ಬರ್ಬೇಡ."